ಸಣ್ಣ ಸೊಸೆಯ ಎಡ ಭುಜ

ಇಲ್ಲ, ಕೊನೆಯ ಪುಟದಿಂದಲೇ ಶುರು ಮಾಡಿದ್ದೆ ಅಂತ ಕಾಣುತ್ತದೆ. ಹಾಗಿದ್ದರೆ ಅಮ್ಮನ ಅಳತೆ ಎಲ್ಲಕ್ಕಿಂತ ಕಡೆಗೆ ಬಂದಿರಬೇಕು. ಆದರೆ ಮೊದಲು ಟೈಪ್ ಮಾಡಿದ್ದು ಅಮ್ಮನದೇ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಇಷ್ಟು ಸ್ಪಷ್ಟವಾಗಿ ನೆನಪಿರುವುದೇ ನನ್ನ ಅನುಮಾನಕ್ಕೆ ಕಾರಣ. ಅಮ್ಮನಿಂದ ಶುರುವಾಯಿತು ಎಂದರೆ ಓದಲು ಚೆನ್ನಾಗಿರುತ್ತದೆ. ಓದಲು ಚೆನ್ನಾಗಿರುವ ನನ್ನ ನೆನಪುಗಳಲ್ಲಿ ಅರ್ಧಕ್ಕರ್ಧ ಆಮೇಲೆ ನಾನೇ ಕತ್ತರಿಸಿ ಹೊಲಿದುಕೊಂಡವು.

ಪುಸ್ತಕ ಅಕ್ಕನದು. ಹೊನ್ನಾಳಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ ಇದೆ, ಹೆಂಗಸರ ರವಿಕೆ ಮಾತ್ರ ಹೊಲಿಯುತ್ತಾಳೆ. ರವಿಕೆ ಅಂತ ನಾನು ಬರೆಯುತ್ತೇನೆ. ಅವಳೂ ಅವಳ ಗಿರಾಕಿಗಳೂ ಅನ್ನುವುದು ಜಂಪರು. ಇಪ್ಪತ್ತು ವರ್ಷದ ಗಿರಾಕಿಗಳ ಅಳತೆಯೆಲ್ಲ ಒಂದೇ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ರಟ್ಟು ಎರಡು ಸಲ ಬದಲಾಗಿತ್ತು, ದಾರ ಹಾಕಿ ಹೊಲಿದ ಬೆನ್ನು. ಅದನ್ನು ಕಂಪ್ಯೂಟರಿಗೆ ತುಂಬಿದವಳು ನಾನು.

ಆ ಪುಸ್ತಕದಲ್ಲಿ ಒಂದೇ ಒಂದು ಹೆಸರು ಇರಲಿಲ್ಲ. ಪ್ರತಿ ಪುಟದ ತಲೆಗೆ ಒಂದು ಸಾಲು: ಯಾವ ಊರು, ಯಾವ ಮನೆ, ಆ ಮನೆಗೆ ಈಕೆ ಏನಾಗಬೇಕು. ‘ಗೋವಿನಕೋವಿ ಗಿರಣಿ ಮನೆ ದೊಡ್ಡ ಮಗಳು.’ ‘ಚನ್ನಗಿರಿ ಕೋಟೆ ಕೆಳಗಿನ ಮನೆ ಅತ್ತೆ.’ ‘ನ್ಯಾಮತಿ ಟೀಚರಮ್ಮ, ಬಾಡಿಗೆ ಮನೆ.’ ಹೆಸರು ಯಾಕೆ ಬರೆಯುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

“ಒಂದೇ ಹೆಸರಿನೋರು ಓಣಿಗೆ ನಾಕು ಜನ ಅದಾರೆ,” ಅಂದಳು ಅಕ್ಕ. “ಮನೆ ಬರ್ಕೊಂಡ್ರೆ ತಪ್ಪಲ್ಲ. ಮನೆ ಎದ್ದು ಓಡಾಡಲ್ಲ.”

ಸಾಲಿನ ಕೆಳಗೆ ಎದೆ, ಸೊಂಟ, ಭುಜ, ತೋಳಿನ ಉದ್ದ, ತೋಳಿನ ಸುತ್ತು. ಅದರ ಕೆಳಗೆ ಅವಳಿಗೆ ತೋಚಿದ್ದು. ‘ಭತ್ತ ನಾಟಿ ಮಾಡ್ತಾರೆ, ಕಂಕುಳು ಸಡಿಲ ಇರಲಿ.’ ‘ಅಡಿಕೆ ಸುಲಿತಾರೆ, ಬಲ ತೋಳು ಅರ್ಧ ಇಂಚು ಜಾಸ್ತಿ.’ ‘ಜಗಳೂರು ಕಡೆ ಬಿಸಿಲು, ಬೆನ್ನು ತುಂಬ ಬೇಕು.’ ‘ಮಗು ಹಾಲು ಕುಡಿತೈತೆ, ಹುಕ್ಕು ಮುಂದೆ.’ ಕೆಲವು ಪುಟಗಳಲ್ಲಿ ಇನ್ನೊಂದು ಬಗೆಯ ಮಾತು. ‘ಬೆನ್ನು ಸ್ವಲ್ಪ ಗೂನು. ಹೇಳಬಾರದು.’ ‘ಬಲ ಎದೆ ಸಣ್ಣದು. ಹೇಳಬಾರದು.’ ಯಾರಿಗೆ ಹೇಳಬಾರದು ಎಂದರೆ, ಆಕೆಗೇ. ಮೈಯಲ್ಲಿರುವ ಓರೆಕೋರೆಯನ್ನು ಅಕ್ಕ ಕತ್ತರಿಯಲ್ಲೇ ಸರಿಮಾಡುತ್ತಾಳೆ, ಒಂದು ಕಡೆ ಕಾಲಿಂಚು ಕಳೆದು, ಇನ್ನೊಂದು ಕಡೆ ಒಂದು ಮಡಿಕೆ ಕೂಡಿಸಿ. ಹಾಕಿಕೊಂಡವರಿಗೆ ಅಕ್ಕನ ಜಂಪರು ಚೆನ್ನಾಗಿ ಕೂರುತ್ತದೆ ಎಂದಷ್ಟೇ ಗೊತ್ತು. ಯಾಕೆ ಕೂರುತ್ತದೆ ಎನ್ನುವುದು ಗೊತ್ತಿಲ್ಲ. “ಮೈಯಾಗಿನ ಸೊಟ್ಟ ಬಟ್ಟೆಯಾಗೆ ತೀರಬೇಕು, ಬಾಯಿಗೆ ಬರಬಾರ್ದು” ಎನ್ನುವುದು ಅವಳ ಮಾತು. ಅದಕ್ಕೇ ಮದುವೆಯಾಗಿ ಜಗಳೂರು, ಚನ್ನಗಿರಿ ಕಡೆ ಹೋದವರೂ ಬಟ್ಟೆಯನ್ನು ಬಸ್ಸಿನಲ್ಲಿ ಕಳಿಸುತ್ತಾರೆ. ಚೀಲದೊಳಗೆ ಒಂದು ಚೀಟಿ, ಚೀಟಿಯಲ್ಲಿ ಆ ಒಂದು ಸಾಲು. ಹೊಲಿದದ್ದು ಬಸ್ಸಿನಲ್ಲೇ ವಾಪಸು ಹೋಗುತ್ತದೆ. ಹಾಕಿ ನೋಡಿ ಸರಿ ಮಾಡಿಸಿಕೊಳ್ಳುವುದು ಎಂಬುದೇ ಇಲ್ಲ.

ನಾನು ಇರುವುದು ಚನ್ನಗಿರಿಯಲ್ಲಿ. ಆಗ ನನಗೆ ಬೇರೆಯದೇ ಹುಚ್ಚು. ಶುರು, ನಡು, ಕೊನೆ ಇಲ್ಲದ ಒಂದು ಕಾದಂಬರಿ ಬರೆಯುತ್ತಿದ್ದೆ, ತುಣುಕು ತುಣುಕಾಗಿ. ಒಂದು ತುಣುಕಿನಲ್ಲಿ ಜಾಗ ಇರುತ್ತಿತ್ತು, ಮನುಷ್ಯರಿರುತ್ತಿರಲಿಲ್ಲ. ಇನ್ನೊಂದರಲ್ಲಿ ಬರೀ ಒಂದು ವಾಸನೆ. ಇವನ್ನೆಲ್ಲ ಒಂದು ಪ್ರೋಗ್ರಾಮ್ ಕಲಸಿ ಕಲಸಿ ಕೊಡಲಿ, ಓದುವವರಿಗೆ ದಿನಕ್ಕೊಂದು ಕಾದಂಬರಿ ಸಿಗಲಿ ಎಂದು ಆಸೆ. ಹುಡುಕುತ್ತಾ ಹೋದಾಗ ಡಾಕ್ಯುಮೆಂಟ್ ಡೇಟಾಬೇಸ್ ಎಂಬುದೊಂದು ಇದೆ ಎಂದು ತಿಳಿಯಿತು.

ಮಾಮೂಲಿ ಡೇಟಾಬೇಸ್ ತಾಲ್ಲೂಕು ಕಚೇರಿಯ ಅರ್ಜಿಯಂತೆ. ಖಾನೆಗಳು ಮೊದಲೇ ಅಚ್ಚಾಗಿರುತ್ತವೆ, ನಿಮ್ಮ ಹತ್ತಿರ ಏನಿರಲಿ ಇಲ್ಲದಿರಲಿ ಅಷ್ಟನ್ನೇ ತುಂಬಬೇಕು. ಡಾಕ್ಯುಮೆಂಟ್ ಡೇಟಾಬೇಸಿಗೆ ಆ ಹಟ ಇಲ್ಲ. ಒಂದೊಂದು ದಾಖಲೆಯೂ ಒಂದೊಂದು ಬಿಡಿ ಹಾಳೆ. ಒಂದರಲ್ಲಿ ಮೂರು ಸಂಗತಿ, ಇನ್ನೊಂದರಲ್ಲಿ ಮೂವತ್ತು. ಯಾವುದೂ ಇನ್ನೊಂದರಂತೆ ಇರಬೇಕಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತದೆ. ಇದು ನನಗಾಗಿಯೇ ಮಾಡಿದ್ದು ಅನಿಸಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಜೊತೆಗೆ ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನೂ ಹಚ್ಚಿಕೊಂಡೆ. ಅದಿನ್ನೂ ಆವೃತ್ತಿ ಒಂದನ್ನು ಮುಟ್ಟಿರಲಿಲ್ಲ. ಸೊನ್ನೆಯ ಮುಂದೆ ಚುಕ್ಕಿ ಇಟ್ಟುಕೊಂಡು ಓಡಾಡುತ್ತಿತ್ತು. ಹಳೆಯ ಭಾಷೆಗಳಲ್ಲಿ ಏನು ತಪ್ಪು ಮಾಡಿದರೂ ಅದೇ ತಪ್ಪನ್ನು ಸಾವಿರ ಜನ ಆಗಲೇ ಮಾಡಿ, ಸರಿಮಾಡಿ, ಬರೆದಿಟ್ಟಿರುತ್ತಾರೆ. ನನ್ನ ತಪ್ಪು ನನ್ನದೇ ಆಗಿರಲಿ ಎಂಬ ಜಂಬ. ಮೂರು ತಿಂಗಳ ಹಿಂದೆ ಯಾರೋ ಬರೆದ ಪಾಠ ಇವತ್ತು ನಡೆಯುತ್ತಿರಲಿಲ್ಲ, ಅಷ್ಟರಲ್ಲಿ ಭಾಷೆಯೇ ಬದಲಾಗಿರುತ್ತಿತ್ತು. ಡೇಟಾಬೇಸಿನ ಜೊತೆ ಮಾತಾಡಲು ಅದಕ್ಕೊಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಬೇಕು. ಇದ್ದದ್ದು ಒಂದೇ, ಯಾವುದೋ ದೂರದ ದೇಶದ ಒಬ್ಬರೇ ಬರೆದದ್ದು. ಅದರ ಜೊತೆಗಿದ್ದ ವಿವರಣೆ ಆರು ಸಾಲು, ಆರನೆಯ ಸಾಲು ‘ಉಳಿದದ್ದನ್ನು ಮುಂದೆ ಬರೆಯಲಾಗುವುದು’.

ಎರಡು ದಿನ ‘ಸಂಪರ್ಕ ನಿರಾಕರಿಸಲಾಗಿದೆ’ ಎಂಬ ಒಂದೇ ಉತ್ತರ ಬಂತು. ನನ್ನ ಕೋಡನ್ನು ಹತ್ತು ಸಲ ಬದಲಿಸಿದೆ, ಲೈಬ್ರರಿಯವರನ್ನು ಮನಸ್ಸಿನಲ್ಲೇ ಬೈದೆ. ಕೊನೆಗೆ ನೋಡಿದರೆ ಡೇಟಾಬೇಸನ್ನು ಚಾಲೂ ಮಾಡಿರಲೇ ಇಲ್ಲ. ಬಾಗಿಲು ಹಾಕಿದ ಅಂಗಡಿಯ ಮುಂದೆ ನಿಂತು ಎರಡು ದಿನ ಗಿರಾಕಿಯ ಗತ್ತು ತೋರಿಸಿದ್ದೆ.

ಆ ಭಾಷೆಗೆ ಒಂದು ಗುಣವಿತ್ತು, ಅದನ್ನು ಹೇಳಲೇಬೇಕು. ದಾಖಲೆಯಿಂದ ಏನನ್ನೇ ಓದಲು ಹೋಗಿ, ‘ಅದು ಅಲ್ಲಿ ಇಲ್ಲದಿದ್ದರೆ?’ ಎಂದು ಕೇಳುತ್ತಿತ್ತು. ಉತ್ತರ ಬರೆಯದೆ ಮುಂದೆ ಬಿಡುತ್ತಿರಲಿಲ್ಲ. ಊರು ಇಲ್ಲದಿದ್ದರೆ? ತೋಳಿನ ಉದ್ದ ಇಲ್ಲದಿದ್ದರೆ? ಒಂದೊಂದಕ್ಕೂ ನಾನು ‘ಗೊತ್ತಿಲ್ಲ ಎಂದು ತೋರಿಸು’ ಎಂದು ಬರೆದೆ. ಅಷ್ಟು ಸಲ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಯಾವ ಕಥೆಯಲ್ಲೂ ಬರೆದಿಲ್ಲ.

ಕಾದಂಬರಿಯ ಬಗ್ಗೆ ಅಕ್ಕನಿಗೆ ಹೇಳಿದಾಗ ಅವಳು ಹುಕ್ಕು ಹಚ್ಚುತ್ತಿದ್ದಳು. ಹೊಲಿಗೆ ನಿಲ್ಲಿಸದೆಯೇ ಕೇಳಿಸಿಕೊಂಡಳು.

“ದಿನಾ ಬ್ಯಾರೆ ಬ್ಯಾರೆ ಥರ ಆಗ್ತೈತೇನು ಕಥೆ?”

“ಹ್ಞೂಂ.”

“ಒಂದು ಥರ ಬರೆದದ್ದನ್ನೇ ಯಾರೂ ಓದ್ತಿಲ್ಲ ಅಂತ ಅಳ್ತಿದ್ದಿ.” ಹಲ್ಲಿನಲ್ಲಿ ದಾರ ಕಡಿದಳು. “ನನ್ನ ಪುಸ್ತಕ ಹಾಕೇ ಅದ್ರಾಗೆ. ಒಂದು ಪುಟ ಹುಡುಕಾಕೆ ಅರ್ಧ ತಾಸು ಬೇಕು. ನಾಕು ಮಂದಿಗಾದ್ರೂ ಉಪಯೋಗ ಆಗ್ಲಿ.”

ಹೀಗೆ ಕೆಲವು ಭಾನುವಾರ ನಾನು ಚನ್ನಗಿರಿಯಿಂದ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ ಪುಸ್ತಕವನ್ನು ಟೈಪ್ ಮಾಡಿದೆ. ಎಷ್ಟು ಭಾನುವಾರ ಎಂದು ನೆನಪಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪು ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ, ಗುಂಡಿಯ ಡಬ್ಬಿಗಳ ಪಕ್ಕ. ಅಮ್ಮ ಇರುವಾಗಲೇ ಅಕ್ಕ ಅಂಗಡಿ ಇಟ್ಟದ್ದು, ಮೊದಲ ಪುಟದಲ್ಲಿ ‘ಶ್ರೀ’ ಬರೆದು ಅದರ ಕೆಳಗೆ ಅಮ್ಮನ ಅಳತೆ. ಅಕ್ಕನ ಪ್ರಕಾರ ನಾನು ಅಲ್ಲಿಂದಲೇ ಶುರು ಮಾಡಿದೆ, ಮೂಗು ಒರೆಸಿಕೊಂಡೆ ಕೂಡ. ನನಗೆ ನೆನಪಿರುವುದು ಅವಳು ಹೇಳಿದ ಇನ್ನೊಂದು ಮಾತು: “ಈಗ ಬರೋರೆಲ್ಲ ಹಿಂದಿನ ಪುಟಗಳಾಗೆ ಅದಾರೆ, ಅವರಿಂದ ಹಿಡ್ಕೊ, ಹಳಬರದು ಆಮೇಲೆ ಆತು.” ಈ ಮಾತನ್ನು ತಾನು ಹೇಳಿಯೇ ಇಲ್ಲ ಎಂದು ಅವಳ ವಾದ. ಇದೊಂದು ಸಣ್ಣ ಜಗಳ. ಆದರೆ ಆಮೇಲೆ ಎಲ್ಲವೂ ಇದರ ಮೇಲೆ ನಿಂತಿತು, ಹೇಗೆಂದು ಹೇಳುತ್ತೇನೆ.

ಡೇಟಾಬೇಸಿನಲ್ಲಿ ಪ್ರತಿ ದಾಖಲೆಗೂ ಒಂದು ಗುರುತು ಇರಬೇಕು. ನಾವು ಕೊಡದಿದ್ದರೆ ಅದೇ ಒಂದು ಉದ್ದದ ಗುರುತನ್ನು ಹಾಕಿಕೊಳ್ಳುತ್ತದೆ. ಅದು ನೋಡಲು ವಿಕಾರವಾಗಿತ್ತು, ಅಂಕಿಯೂ ಅಕ್ಷರವೂ ಕಲಸಿದ್ದು. ನಾನೇ ಕೊಡುತ್ತೇನೆ ಅಂದೆ. ಅಕ್ಕ ಪುಟದ ತಲೆಗೆ ಬರೆದ ಸಾಲೇ ಗುರುತು. ಎಷ್ಟು ಚಂದ: ‘ಗೋವಿನಕೋವಿ ಗಿರಣಿ ಮನೆ ದೊಡ್ಡ ಮಗಳು’ ಎಂದು ಕೇಳಿದರೆ ಗಿರಣಿ ಮನೆಯ ದೊಡ್ಡ ಮಗಳೇ ಎದ್ದು ಬರಬೇಕು. ತಪ್ಪು ಟೈಪ್ ಮಾಡಿದರೆ ತಿದ್ದಲು ಸುಲಭವಾಗಲಿ ಎಂದು ಇನ್ನೊಂದು ಜಾಣತನವನ್ನೂ ಮಾಡಿದೆ. ಆ ಗುರುತು ಮೊದಲೇ ಇದ್ದರೆ, ಹಳೆಯ ದಾಖಲೆಯನ್ನು ತೆಗೆದು ಹೊಸದನ್ನು ಅದರ ಜಾಗದಲ್ಲಿ ಇಡಬೇಕು. ಸದ್ದು ಮಾಡದೆ.

ಟೈಪ್ ಮುಗಿದ ದಿನ ಎಣಿಸಿ ನೋಡಿದೆ. ಪುಸ್ತಕದ ಪುಟಗಳಿಗಿಂತ ದಾಖಲೆಗಳು ಹನ್ನೊಂದು ಕಡಿಮೆ. ಪುಟ ಎಣಿಸುವಾಗ ತಪ್ಪಿರಬೇಕು ಅಂದುಕೊಂಡೆ. ಅಂದುಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಆಮೇಲೆ ಪುಸ್ತಕ ಹೋಯಿತು. ಇನ್ನು ಇದು ಬೇಡ ಎಂದು ನಾನು ಹೇಳಿದೆ ಎಂದು ಅಕ್ಕ, ಅವಳೇ ಕೊಟ್ಟಳು ಎಂದು ನಾನು. ಅಮ್ಮನ ಪುಟವನ್ನು ಮಾತ್ರ ಹರಿದು ಮಿಷನ್ನಿನ ಖಾನೆಯಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಬಸ್ ಸ್ಟ್ಯಾಂಡಿನ ಮಂಡಕ್ಕಿ ಅಂಗಡಿಯಾಕೆಗೆ ಕೊಟ್ಟಿದ್ದಳು. ಪೊಟ್ಟಣ ಕಟ್ಟಲು ಹಾಳೆ ಚೆನ್ನಾಗಿತ್ತಂತೆ.

ಎರಡೋ ಮೂರೋ ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಅಕ್ಕ ಎರಡು ಬೆರಳಿನಲ್ಲಿ ಸಾಲನ್ನು ಟೈಪ್ ಮಾಡುವಳು, ಅಳತೆ ಬರುವುದು, ಕತ್ತರಿಸುವಳು. ಗಿರಾಕಿಗಳ ಮುಂದೆ ಲ್ಯಾಪ್‌ಟಾಪನ್ನು ಸುಮ್ಮನೆ ಒಮ್ಮೆ ಒರೆಸುವುದನ್ನೂ ಕಲಿತಳು.

ಒಂದು ಶನಿವಾರ ಮಧ್ಯಾಹ್ನ ನಾನು ಅಂಗಡಿಯಲ್ಲೇ ಇದ್ದೆ. ಗೋವಿನಕೋವಿಯ ಒಬ್ಬ ತಾಯಿ ಕಳಿಸಿದ ಚೀಲ ಬಂತು. ಒಳಗೆ ಹಸಿರು ರೇಷ್ಮೆಯ ಕಣ, ಅಂದರೆ ಒಂದು ರವಿಕೆಗಾಗುವಷ್ಟು ತುಂಡು, ಮಡಿಕೆಯಲ್ಲಿ ಅರಿಶಿನ ಕುಂಕುಮ, ಒಂದು ಚೀಟಿ. ‘ಸೊಕ್ಕೆ ಹುಣಸೆಮರದ ಮನೆ ಸಣ್ಣ ಸೊಸೆ. ಕುಬಸ. ಸೋಮವಾರ.’

ನಮ್ಮ ಕಡೆ ಮೊದಲ ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಕುಬಸ, ಅಂದರೆ ರವಿಕೆ, ತಂದು ಉಡಿಸಿ, ಉಡಿ ತುಂಬಿ, ಹಾಡು ಹೇಳಿ ಊಟ ಹಾಕುತ್ತಾರೆ. ಕಾರ್ಯದ ಹೆಸರೇ ಕುಬಸ. ಸೀರೆ ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ತವರಿನ ಕುಬಸ ಮೈಗೆ ಕೂರದಿದ್ದರೆ, ಅದೂ ಗಂಡನ ಮನೆಯ ಹೆಂಗಸರೆಲ್ಲ ಸುತ್ತ ಕೂತಿರುವಾಗ, ಆ ಮಾತು ಮಗುವಿಗೆ ಮದುವೆಯಾಗುವ ತನಕ ಇರುತ್ತದೆ.

ಅಕ್ಕ ಸಾಲನ್ನು ಟೈಪ್ ಮಾಡಿದಳು. ದಾಖಲೆ ಬಂತು. ಎದೆ ಮೂವತ್ತೆರಡು. ತೋಳಿನ ಸುತ್ತು ಹತ್ತು. ‘ಎಡ ಭುಜ ಕಾಲಿಂಚು ಇಳಿಕೆ. ಹೇಳಬಾರದು.’

ಅವಳು ಟೇಪನ್ನು ಕೊರಳಿಂದ ತೆಗೆದಳು, ಮತ್ತೆ ಹಾಕಿಕೊಂಡಳು.

“ಇದು ಯಾರದು?”

“ಸಣ್ಣ ಸೊಸೇದು. ಮೇಲೇ ಬರೆದೈತಲ್ಲ.”

“ಯಾವ ಸಣ್ಣ ಸೊಸೆ ಅಂತ ಕೇಳ್ತೀನಿ.”

ಆಗ ತಿಳಿಯಿತು. ಜಗಳೂರು ಕಡೆಯ ಸೊಕ್ಕೆ ಹಳ್ಳಿಯ ಈ ಹುಣಸೆಮರದ ಮನೆಯವರಿಗೆ ಮೂವರು ಗಂಡುಮಕ್ಕಳು. ಎರಡನೆಯವನ ಹೆಂಡತಿ ನ್ಯಾಮತಿಯವಳು. ಮದುವೆಯಾದ ಹೊಸದರಲ್ಲಿ ಅವಳೇ ಸಣ್ಣ ಸೊಸೆ, ಅಕ್ಕ ಹಾಗೇ ಬರೆದುಕೊಂಡಿದ್ದಳು. ಐದಾರು ವರ್ಷದ ಮೇಲೆ ಮೂರನೆಯವನಿಗೆ ಗೋವಿನಕೋವಿಯಿಂದ ಹೆಣ್ಣು ತಂದರು. ಗಂಡಿನ ಕಡೆಯ ಜವಳಿಯಲ್ಲೇ ಅವಳ ಮೊದಲ ಜಂಪರಿನ ಬಟ್ಟೆಯೂ ಬಂತು, ಅಕ್ಕ ಹೊಸ ಪುಟ ತೆಗೆದು ಮತ್ತೆ ಅದೇ ಸಾಲು ಬರೆದಳು. ಯಾಕೆಂದರೆ ಈಗ ಸಣ್ಣ ಸೊಸೆ ಇವಳು, ಅವಳು ನಡುವಿನವಳಾದಳು. ಮನೆ ಎದ್ದು ಓಡಾಡುವುದಿಲ್ಲ, ಸರಿ. ಮನೆಯೊಳಗಿನ ಜಾಗ ಓಡಾಡುತ್ತದೆ. ಸಣ್ಣ ಸೊಸೆ ಎನ್ನುವುದು ಒಂದು ಮಣೆ, ಒಬ್ಬರು ಎದ್ದು ಇನ್ನೊಬ್ಬರು ಕೂರುವುದು. ಅಕ್ಕನಿಗೆ ಅದರಿಂದ ತೊಂದರೆಯಿರಲಿಲ್ಲ. ಹಳೇ ಪುಟ ಹಳೇ ಪೆನ್ನಿನದು, ಹೊಸ ಪುಟ ಹೊಸ ಪೆನ್ನಿನದು, ನೋಡಿದರೆ ತಿಳಿಯುತ್ತಿತ್ತು. ನನ್ನ ಯಂತ್ರಕ್ಕೆ ಒಂದೇ ಸಾಲು ಎರಡು ಸಲ ಬಂತು ಅಷ್ಟೆ. ಎರಡನೆಯದನ್ನು ಇಟ್ಟುಕೊಂಡಿತು, ಮೊದಲನೆಯದನ್ನು ಸದ್ದಿಲ್ಲದೆ ಎಸೆಯಿತು. ಹನ್ನೊಂದು ಮನೆಯಲ್ಲಿ ಹೀಗಾಗಿತ್ತು.

ನಾನು ಪುಸ್ತಕವನ್ನು ಮುಂದಿನಿಂದ ಟೈಪ್ ಮಾಡಿದ್ದರೆ ಉಳಿದಿರುವುದು ಗೋವಿನಕೋವಿಯವಳ ಅಳತೆ. ಹಿಂದಿನಿಂದ ಮಾಡಿದ್ದರೆ ನ್ಯಾಮತಿಯವಳದು.

“ಎದೆ, ಸೊಂಟ ನೋಡಿದ್ರೆ ಗೊತ್ತಾಗಲ್ವಾ?” ಅಂದೆ.

“ಮದುವೆ ಆದ ಹೊಸ್ತಿಗೆ ಎಲ್ಲರೂ ಮೂವತ್ತೆರಡೇ ಕಣೇ. ಅದನ್ನ ಬಿಡು, ಏಳನೇ ತಿಂಗಳಿಗೆ ಎಷ್ಟು ಕೂಡಿಸ್ಬೇಕು ಅನ್ನೋದು ನನ್ನ ಕೈಗೆ ಗೊತ್ತೈತೆ. ಒಳಗೆ ಮೂರು ಹೊಲಿಗೆ ಬಿಡ್ತೀನಿ, ಬಿಚ್ಕೊಂತಾರೆ. ಭುಜಕ್ಕೆ ಏನ್ಮಾಡ್ಲಿ? ಭುಜ ಬಸುರಾದ್ರೂ ಅಷ್ಟೇ, ಹಡೆದ್ರೂ ಅಷ್ಟೇ.” ಪರದೆಯನ್ನೇ ನೋಡಿದಳು. “ಇಬ್ಬರೊಳಗೆ ಒಬ್ಬಾಕೀದು ಇಳಿಕೆ ಐತೆ. ಯಾರದು ಅಂತ ನೆನಪಾಗವಲ್ದು. ಪುಸ್ತಕದಾಗೆ ಐತೆ ಅಂತ ತಲೆಯಾಗೆ ಇಟ್ಕಂಡಿಲ್ಲ.”

ನೆಟ್ಟಗಿರುವ ಭುಜಕ್ಕೆ ಇಳಿಕೆ ಕೊಟ್ಟು ಹೊಲಿದರೆ ಎಡಗಡೆ ಎಳೆಯುತ್ತದೆ. ಇಳಿದ ಭುಜಕ್ಕೆ ನೆಟ್ಟಗೆ ಹೊಲಿದರೆ ಎಡಗಡೆ ಜಾರಿ ಜೋತು ಬೀಳುತ್ತದೆ. ಎರಡೂ ಎದುರಿಗೆ ಕೂತವರಿಗೆ ಕಾಣುತ್ತವೆ.

ದಾಖಲೆ ಯಾವಾಗ ಸೇರಿದ್ದೆಂದು ಡೇಟಾಬೇಸನ್ನೇ ಕೇಳಬಹುದಿತ್ತು. ಅದು ತಾನೇ ಹಾಕಿಕೊಳ್ಳುವ ಆ ವಿಕಾರವಾದ ಗುರುತಿನೊಳಗೆ ಹೊತ್ತೂ ಅಡಗಿರುತ್ತದೆ. ಅದನ್ನು ನಾನು ಬೇಡವೆಂದಿದ್ದೆ, ಚಂದಕ್ಕೆ. ಸಾಲಾಗಿ ಜೋಡಿಸಿ ನೋಡಿದರೂ ಉಪಯೋಗವಿರಲಿಲ್ಲ. ನಡುವೆ ಒಮ್ಮೆ ಭಾಷೆಯ ಹೊಸ ಆವೃತ್ತಿ ಬಂದಾಗ ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ತುಂಬಿದ್ದೆ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದೆವು. ಮಂಡಕ್ಕಿ ಅಂಗಡಿಯಾಕೆ ಮಿರ್ಚಿ ಕರಿಯುತ್ತಿದ್ದಳು. ಪುಸ್ತಕದ ರಟ್ಟು ಒಲೆಯ ಪಕ್ಕ ಬೀಸಣಿಗೆಯಾಗಿತ್ತು.

“ಹಾಳೆ ಅದಾವೇನ್ರಿ, ನಾನು ಕೊಟ್ಟಿದ್ನಲ್ಲ?” ಅಕ್ಕ ಕೇಳಿದಳು.

“ಎಲ್ಲಿ ಬರಬೇಕ್ರಿ, ಖಾಲಿ. ಕೊನೇ ಹಾಳೆ ಮುಂಜಾನೆ ಗೋವಿನಕೋವಿ ಬಸ್ಸಿನಾಗೆ ಹೋತು, ಎರಡು ಮಿರ್ಚಿ ಜೊತೆಗೆ.” ಜಾಲರಿ ಎತ್ತಿ ಎಣ್ಣೆ ಬಸಿದಳು. “ಮೊದ್ಲು ಯಾವ್ದೋ ಅಂಗಡಿ ಪುಸ್ತಕ ಅನ್ಕೊಂಡಿದ್ದೆ ಕಣ್ರಿ. ಓದಿ ನೋಡ್ತೀನಿ, ಎದೆ ಅಂತೆ, ಸೊಂಟ ಅಂತೆ. ಇದ್ರಾಗೆ ಗಂಡಸರಿಗೆ ಹೆಂಗೆ ಕಟ್ಟಿಕೊಡಾಕೆ ಆಗ್ತೈತೆ? ಹೆಣ್ಮಕ್ಕಳು ಬಂದಾಗಷ್ಟೇ ಹರ್ದು ಕೊಟ್ಟೀನಿ. ನಿಮ್ಮ ಗಿರಾಕಿಗಳ ಅಳತೆ ನಿಮ್ಮ ಗಿರಾಕಿಗಳ ಕೈಗೇ ಹೋಗೈತೆ, ನೀವೇನು ಹೆದರಬ್ಯಾಡ್ರಿ.”

ಅಕ್ಕನ ಮುಖದಲ್ಲಿ ಒಂದು ಕ್ಷಣ ಕೃತಜ್ಞತೆಯೂ ಗಾಬರಿಯೂ ಒಟ್ಟಿಗೆ ಬಂದವು. ಯಾರ ಪೊಟ್ಟಣದಲ್ಲಿ ಯಾರ ‘ಹೇಳಬಾರದು’ ಹೋಯಿತೋ. ಅಲ್ಲೇ ನಿಂತು ಇಬ್ಬರೂ ಮಂಡಕ್ಕಿ ತಿಂದೆವು, ಸುದ್ದಿಪತ್ರಿಕೆಯಲ್ಲಿ. ಇದು ನಿಜವೋ ಅಥವಾ ತಿಂದದ್ದು ಬೇರೆ ದಿನವೋ ನನಗೆ ಖಚಿತವಿಲ್ಲ. ಅಷ್ಟು ಆತಂಕದಲ್ಲಿ ತಿನ್ನುತ್ತಿದ್ದೆವೇ? ಅಕ್ಕನನ್ನು ಬಲ್ಲ ನಾನು ತಿಂದಿರುತ್ತೇವೆ ಎನ್ನುತ್ತೇನೆ.

ಅಂಗಡಿಗೆ ವಾಪಸು ಬಂದ ಮೇಲೆ ನಾನು ಸುಲಭದ ದಾರಿ ಹೇಳಿದೆ. ಫೋನ್ ಮಾಡಿ ಕೇಳು.

“ಏನಂತ? ನಿಮ್ಮ ಮಗಳ ಭುಜ ಸೊಟ್ಟ ಐತಾ ಅಂತಾನಾ?”

“ಹಾಗಾದ್ರೆ ಅವಳದೊಂದು ಹಳೇ ಜಂಪರು ತರಿಸು.”

“ಅವು ಸೊಕ್ಕೆಯಾಗೆ ಅದಾವೆ. ತವರಿನ ಕುಬಸಕ್ಕೆ ಗಂಡನ ಮನೆಯಿಂದ ಅಳತೆ ತರಿಸಿದ್ರು ಅಂತ ಆಗಬೇಕಾ? ಅದು ದಾವಣಗೆರೆ ದಾಟಿ ಇಲ್ಲಿ ಬರೋ ಹೊತ್ತಿಗೆ ಅಲ್ಲಿ ಆರತಿ ಆಗಿರ್ತೈತೆ.”

ಆದರೂ ಫೋನ್ ಮಾಡಿದಳು, ಗೋವಿನಕೋವಿಯ ತಾಯಿಗೆ. ಬಟ್ಟೆ ಮುಟ್ಟಿತು ಎಂದು ಹೇಳುವ ನೆಪದಲ್ಲಿ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

“ಹುಡುಗಿ ಹೆಂಗದಾಳ್ರಿ?”

“ಚಲೋ ಅದಾಳ್ರಿ. ಊಟಕ್ಕೆ ಸ್ವಲ್ಪ ವಾಕರಿಕೆ.”

“ಕೆಲಸ ಗಿಲಸ ಮಾಡ್ತಾಳೋ? ನೀರಿನ ಕೊಡ ಯಾವ ಕಡೆ ಹೊರ್ತಾಳೆ?”

“ಕೊಡ ಎಲ್ಲೈತ್ರಿ ಈಗ. ನಲ್ಲಿಗೆ ಪೈಪು ಹಚ್ತಾರೆ.”

“ಅಲ್ಲ, ಕಾಲೇಜಿಗೆ ಹೋಗಬೇಕಾರೆ ಬ್ಯಾಗು ಯಾವ ಭುಜಕ್ಕೆ ಹಾಕ್ಕೊಂತಿದ್ಲು ಅಂತ…”

“ಯಾಕ್ರಿ, ಬ್ಯಾಗೂ ಹೊಲಿಯಾಕೆ ಹತ್ತೀರೇನು?”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಕ್ಕ ಕಣ್ಣಿನಲ್ಲೇ ಗದರಿದಳು.

“ಇಲ್ರಿ, ಸುಮ್ನೆ ಕೇಳ್ದೆ.”

“ನೀವು ಹೊಲ್ದಿದ್ದು ಅಂದ್ರೆ ಆಕೆಗೆ ಧೈರ್ಯ ಕಣ್ರಿ,” ಅಂದಳು ತಾಯಿ. “ಬ್ಯಾರೆ ಕಡೆ ಹೊಲ್ಸಿದ್ರೆ ಯಾಕೋ ಕೂರಂಗಿಲ್ಲ ಅಂತಾಳೆ. ಅದಕ್ಕೇ ನಿಮಗೇ ಕಳ್ಸಿದ್ದು. ಬೀಗರು ದೊಡ್ಡ ಮಂದಿ ಸೇರಿಸ್ತಾರೆ. ಕುಬಸ ಒಂದು ನೆಟ್ಟಗಿದ್ರ ಸಾಕು.”

ಫೋನ್ ಇಟ್ಟಮೇಲೆ ಅಕ್ಕ ಮತ್ತೆ ಪರದೆಯ ಕಡೆ ತಿರುಗಿದಳು. ‘ಬೇರೆ ಕಡೆ ಹೊಲಿಸಿದರೆ ಕೂರುವುದಿಲ್ಲ’ ಎಂದರೆ ಭುಜ ಇಳಿಕೆ ಇರುವುದು ಇವಳದೇ ಎಂದು ನಾನು ಉತ್ಸಾಹದಿಂದ ಹೇಳಿದೆ.

“ಎಲ್ಲರೂ ಹಂಗೇ ಅಂತಾರೆ,” ಅಂದಳು ಅಕ್ಕ. “ಹಂಗಂದ್ರೇ ನಾನು ಅರ್ಜೆಂಟಿಗೆ ಹೊಲ್ದು ಕೊಡೋದು.”

ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಬರಲಿಲ್ಲ. ಹಸಿರು ಕಣವನ್ನು ಮೇಜಿನ ಮೇಲೆ ಹರಡಿದಳು, ಅಂಗೈಯಿಂದ ಸುಕ್ಕು ತೆಗೆದಳು. ಬಟ್ಟೆ ಒಂದೇ ಕಣ. ಒಮ್ಮೆ ಕತ್ತರಿಸಿದರೆ ಆಯಿತು.

“ಪರದೆ ಮೇಲೆ ಇರೋದು ಆಕೀದೇ ಅಂತ ಎಷ್ಟು ಗ್ಯಾರಂಟಿ ಹೇಳ್ತಿ?” ಅಂದಳು.

ನಾನು ಆ ಭಾನುವಾರಗಳಿಗೆ ಮರಳಿ ಹೋಗಲು ನೋಡಿದೆ. ಅಮ್ಮನ ಪುಟ, ‘ಶ್ರೀ’, ಕಿಟಕಿಯ ಬಿಸಿಲು. ಬಿಸಿಲು ಎಂದ ತಕ್ಷಣ ಸಂಶಯ ಬಂತು. ಆ ಅಂಗಡಿಗೆ ಕಿಟಕಿಯೇ ಇಲ್ಲ. ಹಿಂದಿನ ಪುಟದಿಂದ ಶುರು ಮಾಡಿದ ನೆನಪಿನಲ್ಲಿ ಬಿಸಿಲೂ ಇಲ್ಲ, ಏನೂ ಇಲ್ಲ, ಬರೀ ಅಕ್ಕನ ಒಂದು ಮಾತು. ಬೋಳಾಗಿರುವುದರಿಂದ ಅದು ನಿಜವಿರಬೇಕೆಂದು ನಂಬುವುದೂ ನನ್ನ ಚಾಳಿಯೇ.

“ಗೊತ್ತಿಲ್ಲ ಅಕ್ಕಾ,” ಅಂದೆ.

ಅವಳು ತಲೆಯಾಡಿಸಿದಳು, ನನ್ನ ಆ ಪ್ರೋಗ್ರಾಮಿಂಗ್ ಭಾಷೆಯೇ ತಲೆಯಾಡಿಸಿದ ಹಾಗೆ: ಸರಿ, ಇಲ್ಲದಿದ್ದರೆ ಏನು ಮಾಡಬೇಕು ಎಂದು ಬರೆದಾಯಿತಲ್ಲ, ಮುಂದೆ ನಡೆ.

“ಹೋಗು, ಇದರ ಬಣ್ಣದ ದಾರ ತಗೊಂಡು ಬಾ. ಗಿಳಿ ಹಸಿರಲ್ಲ, ಎಲೆ ಹಸಿರು. ಇದೊಂದು ಚೂರು ತಗೊಂಡು ಹೋಗು, ನಿನ್ನ ಕಣ್ಣು ನಂಬಬ್ಯಾಡ.”

ಅಂಚಿನಿಂದ ಬೆರಳಗಲ ಚೂರು ಕತ್ತರಿಸಿ ಕೊಟ್ಟಳು. ದಾರದ ಅಂಗಡಿಯಲ್ಲಿ ಐದು ಹಸಿರು ಇಟ್ಟರು, ಬಾಗಿಲಿಗೆ ಬಂದು ಬೆಳಕಿನಲ್ಲಿ ಹಿಡಿದು ನೋಡಿ ಒಂದನ್ನು ಆರಿಸಿದೆ. ವಾಪಸು ಬರುವಷ್ಟರಲ್ಲಿ ಬಟ್ಟೆ ಕತ್ತರಿಸಿ ಆಗಿತ್ತು. ಭುಜದ ತುಂಡುಗಳು ಒಂದರ ಮೇಲೊಂದು ಮಡಿಚಿ ಕೂತಿದ್ದವು. ಲ್ಯಾಪ್‌ಟಾಪು ಮುಚ್ಚಿತ್ತು. ಅದನ್ನು ಕತ್ತರಿಸುವ ಮೊದಲು ಮುಚ್ಚಿದಳೋ ಆಮೇಲೋ, ನಾನು ನೋಡಿಲ್ಲ.

ಭಾನುವಾರ ಮಧ್ಯಾಹ್ನ ಕುಬಸ ದಾವಣಗೆರೆ ಬಸ್ಸು ಹತ್ತಿತು. ಕಂಡಕ್ಟರ್ ಅಕ್ಕನಿಗೆ ಹಳೆಯ ಪರಿಚಯ.

“ಇವತ್ತು ಹಗುರ ಐತಲ್ಲಕ್ಕಾ.”

“ಕುಬಸ ಐತಣ್ಣ. ಕೆಳಗೆ ಇಡಬ್ಯಾಡ.”

ಆತ ಅದನ್ನು ಡ್ರೈವರ್ ಎದುರಿನ ದೇವರ ಪಟದ ಪಕ್ಕ ಸಿಕ್ಕಿಸಿದ. ದಾವಣಗೆರೆ ಸ್ಟ್ಯಾಂಡಿನಲ್ಲಿ ಅದು ಜಗಳೂರಿನ ಬಸ್ಸಿಗೆ ಕೈ ಬದಲಾಗುತ್ತದೆ. ಮುಂಜಾನೆಯೇ ಸೊಕ್ಕೆಗೆ ಹೊರಟಿದ್ದ ತವರಿನವರು ಜಗಳೂರಿನಲ್ಲಿ ಅದನ್ನು ಇಸಿದುಕೊಳ್ಳುತ್ತಾರೆ. ನಾನು ಅದೇ ಸಂಜೆ ಚನ್ನಗಿರಿಗೆ ಹೊರಟೆ. ಬಸ್ಸಿನಲ್ಲಿ ಕೂತು ಪ್ರೋಗ್ರಾಮನ್ನು ಸರಿಮಾಡುವುದು ಹೇಗೆಂದು ಯೋಚಿಸಿದೆ. ಒಂದೇ ಸಾಲು ಮತ್ತೆ ಬಂದರೆ ನಿಲ್ಲಿಸಿ ಕೇಳಬೇಕು: ಇವಳು ಅವಳೇನಾ? ಎರಡು ಸಾಲಿನ ಕೋಡು. ಮೊದಲ ದಿನವೇ ಬರೆಯಬಹುದಿತ್ತು.

ಸೋಮವಾರ ಹನ್ನೆರಡಕ್ಕೆ ಅಕ್ಕನ ಫೋನಿಗೆ ಗೋವಿನಕೋವಿಯ ತಾಯಿ ಫೋಟೊ ಕಳಿಸಿದಳು, ಅಕ್ಕ ನನಗೆ ಕಳಿಸಿದಳು. ಮಣೆಯ ಮೇಲೆ ಹಸಿರು ಸೀರೆಯ ಹುಡುಗಿ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ತೆಂಗಿನಕಾಯಿ, ಕೆನ್ನೆಗೆ ಅರಿಶಿನ. ಪಕ್ಕದಲ್ಲಿ ಒಬ್ಬಾಕೆ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ, ನಡುವಿನ ಸೊಸೆ ಇರಬಹುದು. ಜೊತೆಗೆ ತಾಯಿಯ ಧ್ವನಿ ಸಂದೇಶ: “ಭಾಳ ಚಲೋ ಕುಂತೈತ್ರಿ. ಬೀಗರ ಕಡೆಯೋರು ಎಲ್ಲಿ ಹೊಲ್ಸಿದ್ದು ಅಂತ ಕೇಳಿದ್ರು.”

ನಾನು ಫೋಟೊವನ್ನು ದೊಡ್ಡದು ಮಾಡಿ ಎಡ ಭುಜ ನೋಡಿದೆ. ಬಲ ಭುಜ ಕಾಣುತ್ತಿತ್ತು, ನೆಟ್ಟಗೆ, ಒಂದು ಸುಕ್ಕಿಲ್ಲ. ಎಡ ಭುಜದ ಮೇಲೆ ಸೆರಗು. ಸೆರಗು ಎಡಕ್ಕೇ ಇರುತ್ತದೆ. ಇಷ್ಟು ವರ್ಷ ಸೀರೆ ಉಟ್ಟ ನನಗೆ ಅದು ಹೊಳೆದಿರಲಿಲ್ಲ. ಪಕ್ಕದವಳ ಎಡ ಭುಜದ ಮೇಲೂ ಸೆರಗು.

ಅಕ್ಕನಿಗೆ ಫೋನ್ ಮಾಡಿದೆ.

“ಇಳಿಕೆ ಕೊಟ್ಟು ಹೊಲ್ದೆಯೋ, ಕೊಡದೆ ಹೊಲ್ದೆಯೋ?”

“ಕುಂತೈತಲ್ಲ.”

“ಅದಲ್ಲ ನಾನು ಕೇಳ್ತಿರೋದು. ನೆನಪಾಯ್ತಾ ಯಾರದು ಅಂತ? ಇಲ್ಲಾ ಪರದೆ ನೋಡಿ ಮಾಡಿದ್ಯಾ?”

“ಪರದೆ ಮ್ಯಾಲೆ ಏನು ಬರೆದಿತ್ತು, ಹೇಳು.”

“ಎಡ ಭುಜ ಕಾಲಿಂಚು ಇಳಿಕೆ.”

“ಅದ್ರ ಮುಂದೆ?”

“ಹೇಳಬಾರದು.”

“ಮತ್ತೆ?” ಅಂದಳು. ಮಿಷನ್ನಿನ ಸದ್ದು ಶುರುವಾಯಿತು.

ಅದಾದ ಮೇಲೆ ಅವಳು ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದಳು. ಈಗ ಎರಡೂ ಇವೆ. ಮೊದಲು ಪುಸ್ತಕದಲ್ಲಿ ಬರೆಯುತ್ತಾಳೆ, ಆಮೇಲೆ ಕಂಪ್ಯೂಟರಿನಲ್ಲಿ. ಪ್ರೋಗ್ರಾಮು ಈಗ ನಿಂತು ಕೇಳುತ್ತದೆ. ಕಾದಂಬರಿ ಹಾಗೇ ಇದೆ. ಭಾಷೆ ಇನ್ನೂ ಸೊನ್ನೆ ಚುಕ್ಕಿಯಲ್ಲೇ ಇದೆ. ಹುಣಸೆಮರದ ಮನೆಗೆ ನಾನು ಎರಡು ದಾಖಲೆ ಮಾಡಿದ್ದೇನೆ. ‘ನಡುವಿನ ಸೊಸೆ’ ಎಂಬುದನ್ನು ತೆರೆದರೆ ಎದೆ ಗೊತ್ತಿಲ್ಲ, ಸೊಂಟ ಗೊತ್ತಿಲ್ಲ, ಭುಜ ಗೊತ್ತಿಲ್ಲ ಎಂದು ಬರುತ್ತದೆ. ಅವಳು ಬಟ್ಟೆ ಕಳಿಸಿದ ದಿನ ಏನು ಮಾಡುವುದೆಂದು ಅಕ್ಕನನ್ನು ಕೇಳಿದ್ದೆ. ಈಗೀಗ ಆಕೆ ಚೂಡಿದಾರ ಹಾಕುತ್ತಾಳಂತೆ.

‘ಸಣ್ಣ ಸೊಸೆ’ಯ ದಾಖಲೆಯನ್ನು ನಾನು ಮುಟ್ಟಿಲ್ಲ. ಕಾಲಿಂಚು ಇಳಿಕೆ ಅದರಲ್ಲಿದೆ. ಅದು ಗೋವಿನಕೋವಿಯವಳದೋ ನ್ಯಾಮತಿಯವಳದೋ ನನಗೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.